ಚಳಿಗಾಲದಲ್ಲಿ ಮನೆಯಂಗಳದ ಮರ ಸವರುವುದು: ಯಾವ ಕೊಂಬೆ, ಎಲ್ಲಿ, ಎಷ್ಟು?

ಅಂಗಳದಮರ

ಎಲೆ ಪೂರ್ತಿ ಉದುರಿಸಿ ನಿಂತಿರೋ ಮರ. ಎತ್ತರ ಸುಮಾರು 9 ಮೀಟರ್, ವಯಸ್ಸು 15ರ ಆಸುಪಾಸು. ನೆಲದಿಂದ ಒಂದೂವರೆ ಮೀಟರ್ ಮೇಲೆ ಎರಡಾಗಿ ಕವಲೊಡೆದಿದೆ, ಎರಡೂ ಕಾಂಡ ಹೆಚ್ಚುಕಮ್ಮಿ ಒಂದೇ ದಪ್ಪ, 22 ಸೆಂ.ಮೀ. ಅದರಲ್ಲಿ ಒಂದರಿಂದ ಹೊರಟ ಕೊಂಬೆ (ಬುಡದಲ್ಲಿ 12 ಸೆಂ.ಮೀ.) ಛಾವಣಿ ಮೇಲೆ ಚಾಚಿದೆ. ಕತ್ತರಿಸೋಕೆ ಬಂದವರು ಹೇಳೋದು ಇಷ್ಟೇ: "ಮೇಲಿಂದ ಅರ್ಧ ತೆಗೆದುಬಿಡೋಣ, ಚಳಿಗಾಲ ಅಲ್ವಾ, ಮರಕ್ಕೇನೂ ಆಗಲ್ಲ."

ಇದು ಸರೀನಾ? ಛಾವಣಿ ಮೇಲಿನ ಕೊಂಬೆ ಬುಡಕ್ಕೇ ತೆಗೀಬೇಕಾ? ಕವಲಿಗೆ ಏನು ಮಾಡೋದು?

ಕೆಚ್ಚುತಿರುಳು

ಅರ್ಧ ತೆಗೆಯೋ ಮಾತನ್ನು ಮೊದಲು ಮುಗಿಸಿಬಿಡೋಣ. ಬೇಡ.

ಕೊಂಬೆಯನ್ನು ಪಕ್ಕಗವಲು ಇಲ್ಲದ ಜಾಗದಲ್ಲಿ, ನಡುವೆ ಎಲ್ಲೋ ತುಂಡರಿಸಿದರೆ, ಆ ಗಾಯದ ಕೆಳಗೆ ತೊಗಟೆಯಡಿ ಮಲಗಿದ್ದ ಮೊಗ್ಗುಗಳೆಲ್ಲ ಒಟ್ಟಿಗೆ ಎದ್ದುಬಿಡುತ್ತವೆ. ಒಂದು ಕೊಂಬೆ ಇದ್ದ ಕಡೆ ಪೊರಕೆ ಕಡ್ಡಿಯ ಹಾಗೆ ಹತ್ತಾರು ನೆಟ್ಟನೆ ಚಿಗುರು. ಸಹಜವಾಗಿ ಹುಟ್ಟಿದ ಕೊಂಬೆ ಕಾಂಡದೊಳಕ್ಕೆ ಬೇರೂರಿದ ಗೂಟದಂತೆ ಕೂತಿರುತ್ತದೆ, ವರ್ಷ ವರ್ಷ ಕಾಂಡದ ಪದರ ಅದನ್ನು ಸುತ್ತುತ್ತಾ ಹೋಗಿರುತ್ತದೆ. ಈ ಚಿಗುರುಗಳಿಗೆ ಆ ಬುನಾದಿ ಇಲ್ಲ, ಹೊರಪದರಕ್ಕೆ ಅಂಟಿಕೊಂಡಿರುತ್ತವೆ ಅಷ್ಟೆ. ಕೆಲವು ವರ್ಷಕ್ಕೆ ಮರ ಮತ್ತೆ ಅಷ್ಟೇ ಎತ್ತರ ಏರುತ್ತದೆ. ಅಷ್ಟರಲ್ಲಿ ಚಿಗುರುಗಳು ತೋಳಿನಷ್ಟು ದಪ್ಪ, ಅವು ನಿಂತಿರುವ ಮೋಟು ಒಳಗಿಂದ ಕೊಳೆತಿರುತ್ತದೆ. ಗಾಳಿಗೆ ಬೀಳುವುದು ಇವೇ.

"ಚಳಿಗಾಲ ಅಲ್ವಾ" ಅನ್ನುವುದು ಇಲ್ಲಿ ತಿರುಗುಬಾಣ. ಎಲೆ ಉದುರಿಸುವ ಮುಂಚೆ ಮರ ತನ್ನ ಪಿಷ್ಟ-ಸಕ್ಕರೆಯನ್ನು ಬೇರು, ಕಾಂಡ, ದೊಡ್ಡ ಕೊಂಬೆಗಳಲ್ಲಿ ಕೂಡಿಟ್ಟಿರುತ್ತದೆ. ಮೇಲಿನ ಅರ್ಧ ಹೋದರೂ ಬೇರಿನ ಕೂಡಿಕೆ ಹಾಗೇ ಉಳಿಯುತ್ತದೆ. ವಸಂತದಲ್ಲಿ ಆ ಬಲವೆಲ್ಲ ಉಳಿದ ಕೆಲವೇ ಮೊಗ್ಗುಗಳಿಗೆ ನುಗ್ಗುತ್ತದೆ. ಅದಕ್ಕೇ ಚಳಿಗಾಲದಲ್ಲಿ ತಲೆ ಕಡಿದ ಮರ ಎಲ್ಲಕ್ಕಿಂತ ಜೋರಾಗಿ ಚಿಗುರುತ್ತದೆ. ಎತ್ತರ ಕಮ್ಮಿ ಮಾಡಬೇಕೆಂದು ಹೊರಟವರಿಗೆ ಇದಕ್ಕಿಂತ ಕೆಟ್ಟ ದಾರಿ ಇಲ್ಲ.

ಹಾಗಂತ ಚಳಿಗಾಲ ಕೆಟ್ಟ ಕಾಲವಲ್ಲ. ಎಲೆ ಇಲ್ಲದಾಗ ಅಸ್ಥಿಪಂಜರ ಪೂರ್ತಿ ಕಾಣುತ್ತದೆ: ಎಲ್ಲಿ ಉಜ್ಜುತ್ತಿದೆ, ಎಲ್ಲಿ ಸೀಳಿದೆ, ಯಾವುದು ಒಣಗಿದೆ. ರೋಗ ಹೊತ್ತು ತರುವ ಕೀಟಗಳ ಓಡಾಟ ಇರುವುದಿಲ್ಲ. ಎಲೆಯ ಭಾರವಿಲ್ಲದ ಕೊಂಬೆ ಇಳಿಸಲು ಹಗುರ. ಆದರೆ ಗಾಯ ಮುಚ್ಚುವ ಕೆಲಸ ಶುರುವಾಗುವುದು ವಸಂತದ ಬೆಳವಣಿಗೆಯ ಜೊತೆ. ಚಳಿಗಾಲದ ಆರಂಭದಲ್ಲಿ ಮಾಡಿದ ಗಾಯ ತಿಂಗಳುಗಟ್ಟಲೆ ಬಾಯಿ ತೆರೆದೇ ಇರುತ್ತದೆ, ಅಂಚಿನ ತೊಗಟೆ ಒಣಗಿ ಹಿಂದೆ ಸರಿಯುತ್ತದೆ. ಆದ್ದರಿಂದ ಚಳಿಯ ಕೊನೆಯ ಭಾಗ, ಮೊಗ್ಗು ಊದುವುದಕ್ಕೆ ಸ್ವಲ್ಪ ಮುಂಚೆ. ನೀರು ಹೆಪ್ಪುಗಟ್ಟುವ ನಾಡಾದರೆ ಕಡುಚಳಿಯ ದಿನ ಮುಟ್ಟಬೇಡಿ, ಹೆಪ್ಪುಗಟ್ಟಿದ ಕಟ್ಟಿಗೆ ಗಾಜಿನ ಹಾಗೆ ಚಟ್ಟನೆ ಸಿಗಿಯುತ್ತದೆ.

ಎರಡುಅಲಗು

ಛಾವಣಿ ಕೊಂಬೆಯ ವಿಷಯಕ್ಕೆ ಬರ್ತೀನಿ. ನೀವು ಕೊಟ್ಟ ಅಳತೆಯಲ್ಲೇ ಉತ್ತರ ಇದೆ. ಕೊಂಬೆ 12, ಅದು ಹೊರಟ ಕಾಂಡ 22. ಅರ್ಧಕ್ಕಿಂತ ಜಾಸ್ತಿ. ಇಂಥ ಕೊಂಬೆ ಬುಡಕ್ಕೇ ತೆಗೆಯೋದು ದುಬಾರಿ ಗಾಯ. ಕೊಂಬೆ ತನ್ನ ಕಾಂಡಕ್ಕಿಂತ ಬಹಳ ಸಣ್ಣದಿದ್ದರೆ ಮಾತ್ರ ಅದರ ಬುಡದಲ್ಲಿ ಕೊಳೆ ತಡೆಯುವ ಪದರ ಗಟ್ಟಿಯಾಗಿರುತ್ತೆ. ಅರ್ಧ ದಾಟಿದ ಮೇಲೆ ಆ ಪದರ ಇಲ್ಲವೇ ಇಲ್ಲ ಅನ್ನೋ ಮಟ್ಟಕ್ಕೆ ಇಳಿಯುತ್ತೆ, ಕೊಳೆ ನೇರ ಕಾಂಡದೊಳಗೆ ಹೋಗುತ್ತೆ. ಮೇಲಾಗಿ 10 ಸೆಂ.ಮೀ. ದಾಟಿದ ಗಾಯದಲ್ಲಿ ಕೆಚ್ಚು ತೆರೆದುಕೊಂಡಿರುತ್ತೆ. ಕೆಚ್ಚು ಸತ್ತ ಕಟ್ಟಿಗೆ, ತನ್ನನ್ನು ತಾನು ಕಾಪಾಡಿಕೊಳ್ಳೋ ಶಕ್ತಿ ಅದಕ್ಕಿಲ್ಲ.

ತೆಗೆಯೋ ಬದಲು ಮೊಟಕು ಮಾಡಿ. ತುದಿಯಿಂದ ಒಳಕ್ಕೆ ನೋಡ್ತಾ ಬನ್ನಿ. ಛಾವಣಿಯಿಂದ ಬೇರೆ ಕಡೆ ಮುಖ ಮಾಡಿರೋ ಒಂದು ಪಕ್ಕಗವಲು ಸಿಗುತ್ತಾ? ಅದರ ದಪ್ಪ, ಕತ್ತರಿಸೋ ಜಾಗದಲ್ಲಿ ಮುಖ್ಯ ಕೊಂಬೆ ಎಷ್ಟು ದಪ್ಪ ಇದೆಯೋ ಅದರ ಮೂರನೇ ಒಂದು ಭಾಗವಾದರೂ ಇರಬೇಕು. ಕೊಂಬೆ 6 ಸೆಂ.ಮೀ. ಇರೋ ಕಡೆ ಕತ್ತರಿಸ್ತೀರಾದರೆ ಕವಲು ಕನಿಷ್ಠ 2 ಸೆಂ.ಮೀ. ಅದಕ್ಕಿಂತ ಸಣ್ಣದಾದರೆ ಮುಂದಾಳ್ತನ ವಹಿಸೋಕೆ ಅದಕ್ಕೆ ತಾಕತ್ತಿಲ್ಲ, ಕೆಳಗಿಂದ ನೀರುಚಿಗುರು (ಮೇಲೆ ಹೇಳಿದ ನೆಟ್ಟನೆ ಚಿಗುರು) ಏಳುತ್ತೆ, ಕತ್ತರಿಸಿದ ತುದಿ ಒಣಗುತ್ತೆ. ಈ ವರ್ಷ ಆ ಕೊಂಬೆಯ ಕಾಲು ಭಾಗ ರೆಂಬೆ ಸಾಕು. ಉಳಿದದ್ದು ಎರಡು ಚಳಿಗಾಲ ಬಿಟ್ಟು ನೋಡಿ. ಮೊಟಕಾದ ಕೊಂಬೆ ನಿಧಾನ ಬೆಳೆಯುತ್ತೆ, ಕಾಂಡ ದಪ್ಪಗಾಗುತ್ತಾ ಹೋಗುತ್ತೆ. ಮುಂದೊಂದು ದಿನ ಬುಡಕ್ಕೇ ತೆಗೆಯಲೇಬೇಕಾದರೂ ಆಗ ಲೆಕ್ಕ ನಿಮ್ಮ ಕಡೆ ಇರುತ್ತೆ.

ನಡುಗರಗಸ

ಬುಡಕ್ಕೆ ತೆಗೆಯಲೇಬೇಕಾದ ಬೇರೆ ಕೊಂಬೆಗಳಿಗಾಗಿ ಮೂರು ಕೊಯ್ತದ ವಿಧಾನ. ಹೆಬ್ಬೆರಳಿಗಿಂತ ದಪ್ಪದ ಯಾವುದಕ್ಕಾದರೂ ಇದೇ. ಯಾಕೆ ಅಂದರೆ 12 ಸೆಂ.ಮೀ. ದಪ್ಪದ ಹಸಿ ತುಂಡು, ಒಂದೇ ಮೀಟರ್ ಉದ್ದದ್ದು, ಹತ್ತು ಕಿಲೋ ಹತ್ತಿರ ತೂಗುತ್ತದೆ. ಮೇಲಿಂದ ಒಂದೇ ಸಲ ಕೊಯ್ಯಲು ಹೋದರೆ ಮುಕ್ಕಾಲು ಕೊಯ್ಯುವಷ್ಟರಲ್ಲಿ ತೂಕಕ್ಕೆ ಜಗ್ಗಿ ಬೀಳುತ್ತದೆ, ಕೆಳಗಿನ ತೊಗಟೆಯನ್ನು ಕಾಂಡದುದ್ದಕ್ಕೂ ಬಾಳೆಪಟ್ಟೆಯ ಹಾಗೆ ಸುಲಿದುಕೊಂಡು ಹೋಗುತ್ತದೆ. ಆ ಗಾಯ ಎಂದೂ ಸರಿಯಾಗಿ ಮುಚ್ಚುವುದಿಲ್ಲ.

ಮೊದಲನೆಯದು ಕೆಳಗಿನಿಂದ: ಕಾಂಡದಿಂದ 30–40 ಸೆಂ.ಮೀ. ದೂರದಲ್ಲಿ, ದಪ್ಪದ ಕಾಲು ಭಾಗದಷ್ಟು ಆಳ. ಇನ್ನೂ ಆಳಕ್ಕೆ ಹೋದರೆ ಕೊಂಬೆ ಬಗ್ಗಿ ಗರಗಸವನ್ನು ಕಚ್ಚಿಕೊಳ್ಳುತ್ತದೆ.

ಎರಡನೆಯದು ಮೇಲಿನಿಂದ: ಮೊದಲ ಕೊಯ್ತಕ್ಕಿಂತ 3–5 ಸೆಂ.ಮೀ. ಆಚೆ, ತುದಿಯ ಕಡೆ. ಕೊಂಬೆ ಮುರಿದು ಬಿದ್ದರೂ ಸುಲಿತ ಕೆಳಗಿನ ಕೊಯ್ತದ ಹತ್ತಿರ ನಿಂತುಬಿಡುತ್ತದೆ. ಈಗ ಕೈಯಲ್ಲಿ ಉಳಿದಿರುವುದು ಹಗುರವಾದ ಮೋಟು.

ಮೂರನೆಯದೇ ಮುಖ್ಯ. ಕೊಂಬೆ ಕಾಂಡವನ್ನು ಸೇರುವ ಕಡೆ ಬಳೆ ತೊಡಿಸಿದ ಹಾಗೆ ಒಂದು ಉಬ್ಬು ಇರುತ್ತದೆ, ಅದೇ ಕಾಲರ್. ಮೇಲ್ಗಡೆ ಕವೆಯಲ್ಲಿ ಕಪ್ಪಗೆ, ಒರಟಾಗಿ ತೊಗಟೆಯ ಏಣು ಎದ್ದಿರುತ್ತದೆ. ಏಣಿನ ಹೊರಮಗ್ಗುಲಿಂದ ಶುರುಮಾಡಿ ಕೆಳಗೆ ಕಾಲರಿನ ಹೊರಅಂಚಿಗೆ ಮುಗಿಯಬೇಕು. ಕಾಲರ್ ಕಾಂಡದ ಸೊತ್ತು, ಕೊಂಬೆಯದಲ್ಲ. ಅದನ್ನು ಕೊಯ್ಯಬಾರದು. ಕಾಲರ್ ಕಣ್ಣಿಗೆ ಬೀಳದ ಜಾತಿಗಳಲ್ಲಿ ಹೀಗೆ ಮಾಡಿ: ಏಣು ಕಾಂಡದ ನೇರಗೆರೆಯಿಂದ ಎಷ್ಟು ಓರೆಯಾಗಿದೆಯೋ, ನಿಮ್ಮ ಕೊಯ್ತವೂ ಇನ್ನೊಂದು ಮಗ್ಗುಲಿಗೆ ಅಷ್ಟೇ ಓರೆ.

ಸರಿಯಾಗಿ ಕೊಯ್ದಿರೋ ಇಲ್ಲವೋ ಅನ್ನುವುದನ್ನು ಮುಂದಿನ ವರ್ಷ ಮರವೇ ಹೇಳುತ್ತದೆ. ಗಾಯದ ಸುತ್ತ ಉಂಗುರದ ಹಾಗೆ ಸಮನಾಗಿ ಹೊಸ ಅಂಗಾಂಶ ಉಬ್ಬಿದ್ದರೆ ಸರಿ. ಎರಡು ಪಕ್ಕ ಮಾತ್ರ ಉಬ್ಬಿ, ಮೇಲೆ-ಕೆಳಗೆ ಖಾಲಿ ಇದ್ದರೆ ಕಾಂಡಕ್ಕೆ ತೀರಾ ಒತ್ತಿ ಕೊಯ್ದಿದ್ದೀರಿ. ಏನೂ ಉಬ್ಬದೆ ಮೋಟು ಕಪ್ಪಾಗಿದ್ದರೆ ಉದ್ದ ಬಿಟ್ಟಿದ್ದೀರಿ.

ಹೊಸಎಲೆ

ಕಾಂಡಕ್ಕೆ ಸಮನಾಗಿ, ನುಣ್ಣಗೆ ಕೊಯ್ಯೋದೇ ಸರಿ ಅಂತ ಹಳೆಯ ತೋಟಗಾರಿಕೆ ಪಾಠ ಇತ್ತಲ್ಲ? ಅದು ಯಾವಾಗ ಬದಲಾಯ್ತು?

ಕೆಚ್ಚುತಿರುಳು

1970–80ರ ದಶಕಗಳಲ್ಲಿ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಮರಗಳನ್ನು ಅಡ್ಡಕ್ಕೆ ಮಾತ್ರವಲ್ಲ, ಉದ್ದಕ್ಕೂ ಸೀಳಿ ನೋಡಿದರು. ಮರ ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿ ಮಾಡಿಕೊಳ್ಳುವುದಿಲ್ಲ, ಕೆಟ್ಟ ಭಾಗದ ಸುತ್ತ ಗೋಡೆ ಎಬ್ಬಿಸಿ ಅದನ್ನು ಒಳಗೇ ಕೂಡಿಹಾಕುತ್ತದೆ, ಆಮೇಲೆ ಅದರ ಮೇಲೆ ಹೊಸ ಕಟ್ಟಿಗೆ ಬೆಳೆಸುತ್ತದೆ. 1977ರಲ್ಲಿ ಅದನ್ನು ನಾಲ್ಕು ಗೋಡೆಗಳ ಮಾದರಿಯಾಗಿ ಪ್ರಕಟಿಸಿದರು, ಕೋಡಿಟ್ ಅನ್ನುವುದು ಅದರ ಚಿಕ್ಕ ಹೆಸರು. ಮೇಲೆ-ಕೆಳಗೆ ಹರಡುವುದನ್ನು ತಡೆಯುವ ಗೋಡೆ ಎಲ್ಲಕ್ಕಿಂತ ದುರ್ಬಲ. ಅದಕ್ಕೇ ಕೊಳೆ ಕಾಂಡದಲ್ಲಿ ಉದ್ದುದ್ದ ಕಂಬದಂತೆ ಇಳಿಯುತ್ತದೆ. ಗಾಯವಾದ ಮೇಲೆ ಬೆಳೆದ ಹೊಸ ಪದರಕ್ಕೂ ಹಳೆಯದಕ್ಕೂ ನಡುವಿನ ಗೋಡೆ ಎಲ್ಲಕ್ಕಿಂತ ಗಟ್ಟಿ. ಟೊಳ್ಳಾದ ಮರ ದಶಕಗಟ್ಟಲೆ ಹಸಿರಾಗಿ ನಿಲ್ಲುವುದು ಇದರ ಬಲದಿಂದ.

ಕಾಂಡಕ್ಕೆ ಸಮನಾಗಿ ಕೊಯ್ದಾಗ ಕಾಲರೂ ಹೋಗುತ್ತದೆ, ಅದರ ಜೊತೆ ತಡೆಪದರವೂ ಹೋಗುತ್ತದೆ. ನೋಟಕ್ಕೆ ನುಣುಪು, ಒಳಗೆ ಹೆಬ್ಬಾಗಿಲು.

ಎರಡುಅಲಗು

ಕವಲಿನ ಬಗ್ಗೆ ಯಾರೂ ಹೇಳಿಲ್ಲ. ನನ್ನ ಪ್ರಕಾರ ಈ ಮರದಲ್ಲಿ ದೊಡ್ಡ ಅಪಾಯ ಅದೇ, ಛಾವಣಿ ಕೊಂಬೆ ಅಲ್ಲ.

ಎರಡು ಸಮದಪ್ಪದ ಕಾಂಡ ಸೇರೋ ಕಡೆ ಹತ್ತಿರದಿಂದ ನೋಡಿ. ತೊಗಟೆಯ ಏಣು ಹೊರಕ್ಕೆ, ಮೇಲಕ್ಕೆ ಉಬ್ಬಿಕೊಂಡು ಬಂದಿದ್ದರೆ ಒಳಗೆ ಕಟ್ಟಿಗೆ ಕಟ್ಟಿಗೆಗೆ ಹೆಣೆದುಕೊಂಡಿದೆ, ಸದ್ಯಕ್ಕೆ ಚಿಂತೆ ಇಲ್ಲ. ತೊಗಟೆ ಬಿರುಕಿನ ಹಾಗೆ ಒಳಕ್ಕೆ ಮಡಚಿಕೊಂಡು ಹೋಗಿದ್ದರೆ ಅಲ್ಲಿ ಕಟ್ಟಿಗೆ ಸೇರಿಯೇ ಇಲ್ಲ, ತೊಗಟೆಗೆ ತೊಗಟೆ ಒತ್ತಿ ನಿಂತಿದೆ. ಎರಡೂ ಕಾಂಡ ದಪ್ಪಗಾದಂತೆ ಒಂದನ್ನೊಂದು ತಳ್ಳುತ್ತವೆ. ಕವಲಿನ ಕೆಳಗೆ ಎರಡು ಮಗ್ಗುಲಲ್ಲಿ ಕಿವಿಯ ಹಾಗೆ ಉಬ್ಬು ಬಂದಿದ್ದರೆ, ಮರಕ್ಕೆ ಬಿರುಕು ಗೊತ್ತಾಗಿದೆ, ತೇಪೆ ಹಾಕೋಕೆ ನೋಡ್ತಿದೆ ಅಂತ ಅರ್ಥ.

ಇಷ್ಟು ದಪ್ಪ ಆದಮೇಲೆ ಒಂದು ಕಾಂಡ ಪೂರ್ತಿ ತೆಗೆಯೋ ಹಾಗಿಲ್ಲ, ಅರ್ಧ ಮರವೇ ಹೋಗುತ್ತೆ. ಒಂದನ್ನು ಯಜಮಾನ ಮಾಡಿ, ಇನ್ನೊಂದನ್ನು ಹಿಂದಿಕ್ಕಿ. ನೆಟ್ಟಗಿರೋದು, ಛಾವಣಿಯಿಂದ ದೂರ ಇರೋದು ಯಜಮಾನ. ಇನ್ನೊಂದರ ತುದಿಯನ್ನು ಮೇಲೆ ಹೇಳಿದ ಮೂರನೇ ಒಂದು ಭಾಗದ ಲೆಕ್ಕದಲ್ಲೇ ಹೊರಮುಖದ ಪಕ್ಕಗವಲಿಗೆ ಇಳಿಸಿ. ಇದು 3ರಿಂದ 5 ವರ್ಷದ ಕೆಲಸ, ಒಂದು ಚಳಿಗಾಲದ್ದಲ್ಲ. ಎಲೆ ಕಮ್ಮಿಯಾದ ಕಾಂಡ ದಪ್ಪಗಾಗೋದೂ ಕಮ್ಮಿ. ಯಜಮಾನ ಮುಂದೆ ಹೋಗಿ ಅದನ್ನು ಬುಡದಲ್ಲಿ ಸುತ್ತಿಕೊಳ್ಳೋಕೆ ಶುರುಮಾಡುತ್ತೆ.

ಬಿರುಕು ಈಗಾಗಲೇ ಕಾಣ್ತಿದ್ದರೆ ಕತ್ತರಿಸೋ ಕೆಲಸ ಪಕ್ಕಕ್ಕಿಟ್ಟು ಮರತಜ್ಞರನ್ನು ಕರೆಸಿ. ಕವಲಿನಿಂದ ತುದಿಯವರೆಗಿನ ಎತ್ತರದಲ್ಲಿ ಮೂರನೇ ಎರಡು ಭಾಗದ ಆಸುಪಾಸಿಗೆ ಕೇಬಲ್ ಬಿಗಿಯುವುದುಂಟು. ದಯವಿಟ್ಟು ತಂತಿ ಅಥವಾ ಸರಪಳಿ ಸುತ್ತಿ ಕಟ್ಟೋ ಸ್ವಂತ ಉಪಾಯ ಬೇಡ. ಕಾಂಡ ದಪ್ಪಗಾದಾಗ ಅದು ಉರುಳಾಗುತ್ತೆ.

ಹೊಸಎಲೆ

ಎಲ್ಲ ಮರಕ್ಕೂ ಚಳಿಗಾಲವೇ ಆಗುತ್ತಾ? ಹೂ ಬಿಡೋ ಮರಗಳಿಗೆ ಬೇರೆ ಲೆಕ್ಕ ಅಂತ ಕೇಳಿದ್ದು.

ಬೇರುಬುಡ

ಆಗುವುದಿಲ್ಲ. ಜಾತಿ ಗೊತ್ತಿಲ್ಲದೆ ಕತ್ತರಿ ಎತ್ತುವುದೇ ತಪ್ಪು.

ಚಳಿಗಾಲವೇ ಆಗಬೇಕಾದವು: ಸೇಬು, ಪಿಯರ್, ಅಂಜೂರ, ಎಲೆ ಉದುರಿಸುವ ಬಹುಪಾಲು ನೆರಳಿನ ಮರಗಳು. ಓಕ್ ಮತ್ತು ಎಲ್ಮ್ ಅಂತೂ ಆ ಮರಗಳ ರೋಗವಿರುವ ನಾಡುಗಳಲ್ಲಿ ಚಳಿಗಾಲ ಬಿಟ್ಟು ಬೇರೆ ಕಾಲದಲ್ಲಿ ಮುಟ್ಟಲೇಬಾರದು. ಓಕ್ ವಿಲ್ಟ್ ಶಿಲೀಂಧ್ರವನ್ನು ಹಸಿ ಗಾಯದ ರಸಕ್ಕೆ ಬರುವ ಪುಟ್ಟ ಜೀರುಂಡೆಗಳು ತರುತ್ತವೆ, ಡಚ್ ಎಲ್ಮ್ ರೋಗವನ್ನು ತೊಗಟೆ ಕೊರೆಯುವ ಜೀರುಂಡೆಗಳು ತರುತ್ತವೆ. ಕಡುಚಳಿಯಲ್ಲಿ ಎರಡೂ ಹಾರುವುದಿಲ್ಲ.

ಚಳಿಗಾಲದಲ್ಲಿ ಬೇಡವಾದವು: ಚೆರ್ರಿ, ಪ್ಲಮ್, ಏಪ್ರಿಕಾಟ್. ಬೆಳ್ಳಿಎಲೆ ರೋಗದ ಶಿಲೀಂಧ್ರ ತೇವದ ತಂಪುಕಾಲದಲ್ಲಿ ಬೀಜಕಣ ಚೆಲ್ಲುತ್ತದೆ, ಹಸಿ ಗಾಯದ ಮೂಲಕ ಒಳಹೋಗುತ್ತದೆ. ಇವನ್ನು ಎಲೆ ತುಂಬಿ ನಿಂತ ಕಾಲದಲ್ಲಿ, ಮಳೆಯಿಲ್ಲದ ದಿನ ಸವರಬೇಕು.

ರಸ ಸೋರುವವು: ಮೇಪಲ್, ಬರ್ಚ್, ಅಕ್ರೋಟು. ಚಳಿಯ ಕೊನೆಯಲ್ಲಿ ಕೊಯ್ದರೆ ಗಾಯದಿಂದ ತೊಟತೊಟ ಹನಿಯುತ್ತದೆ. ಮರ ಸಾಯುವುದಿಲ್ಲ, ನೋಡುವವರ ಜೀವ ಮಾತ್ರ ಹೋಗುತ್ತದೆ. ಬಟ್ಟೆ ಕಟ್ಟುವುದು, ಮೇಣ ಮೆತ್ತುವುದು ವ್ಯರ್ಥ, ಎಲೆ ಬಿಚ್ಚಿದ ಮೇಲೆ ತಾನೇ ನಿಲ್ಲುತ್ತದೆ. ಬೇಡವೆನಿಸಿದರೆ ಎಲೆ ಪೂರ್ತಿ ಬಲಿತ ಮೇಲೆ ಮಾಡಿ.

ವಸಂತದ ಮೊದಲಿಗೇ ಹೂಬಿಡುವ ಮ್ಯಾಗ್ನೋಲಿಯಾ, ಲೈಲಾಕ್ ಮುಂತಾದವು ಹಿಂದಿನ ಬೆಳೆಗಾಲದಲ್ಲೇ ಮೊಗ್ಗು ಕಟ್ಟಿ ಇಟ್ಟುಕೊಂಡಿರುತ್ತವೆ. ಚಳಿಗಾಲದಲ್ಲಿ ಸವರಿದರೆ ನೀವು ತೆಗೆಯುವುದು ಹೂವನ್ನೇ. ಹೂ ಮುಗಿದ ಕೂಡಲೇ ಇವುಗಳ ಸರದಿ. ಮಾವಿನದೂ ಇದೇ ತರ್ಕ: ಬಲಿತ ತುದಿಗಳಲ್ಲಿ ತಂಪು ಬಿದ್ದಾಗ ಹೂಗೊಂಚಲು ಬರುತ್ತದೆ, ಆ ತುದಿಗಳನ್ನು ಚಳಿಗಾಲದಲ್ಲಿ ಕತ್ತರಿಸಿದರೆ ಆ ವರ್ಷದ ಫಸಲು ನೆಲಕ್ಕೆ. ಕಾಯಿ ಕಿತ್ತ ಮೇಲೆ ಸವರಿ. ಒಣಕೊಂಬೆ, ಮುರಿದದ್ದು ಯಾವಾಗ ಬೇಕಾದರೂ ಸರಿ. ಮಾವಿನ ಸೊನೆ ಚರ್ಮ ಸುಡುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ.

ನಿಂಬೆ-ಕಿತ್ತಳೆ ಜಾತಿಯವು ಹಿಮಕ್ಕೆ ಮೆತ್ತಗೆ. ಹೊರಎಲೆಗಳೇ ಒಳಕೊಂಬೆಗಳಿಗೆ ಕಂಬಳಿ. ಹಿಮ ಬೀಳುವ ಭಯ ತೀರಿದ ಮೇಲೆ ಮಾತ್ರ ಮುಟ್ಟಿ. ಇವುಗಳ ತೊಗಟೆ ತೆಳು. ಒಮ್ಮೆಗೇ ಬಿಸಿಲಿಗೆ ಒಡ್ಡಿದರೆ ಸುಟ್ಟು ಬಿರಿಯುತ್ತದೆ, ತೆರೆದುಕೊಂಡ ಕೊಂಬೆಗೆ ಸುಣ್ಣ ಬಳಿಯುವುದು ಅದಕ್ಕೇ.

ಸೂಜಿಎಲೆಯ ಮರಗಳು ಇನ್ನೊಂದು ಗುಂಪು. ಪೈನ್, ಸೈಪ್ರೆಸ್, ಜೂನಿಪರ್‌ಗಳ ಎಲೆಯಿಲ್ಲದ ಹಳೆ ಕಟ್ಟಿಗೆಗೆ ಕೊಯ್ದರೆ ಅಲ್ಲಿಂದ ಮತ್ತೆ ಚಿಗುರುವುದಿಲ್ಲ, ತೂತು ತೂತಾಗಿಯೇ ಉಳಿಯುತ್ತದೆ. ಯೂ ಮರ ಇದಕ್ಕೆ ಹೊರತು, ಬೋಳು ಕಟ್ಟಿಗೆಯಿಂದಲೂ ಚಿಗುರುತ್ತದೆ.

ನಡುಗರಗಸ

ತೆಂಗು, ಅಡಿಕೆ, ಬೇರೆ ತಾಳೆ ಜಾತಿಗಳಿಗೆ ಈ ಥ್ರೆಡ್‌ನ ಒಂದು ಮಾತೂ ಅನ್ವಯಿಸುವುದಿಲ್ಲ ಅಂತ ಸೇರಿಸಿ. ಅವುಗಳಲ್ಲಿ ಕ್ಯಾಂಬಿಯಂ (ತೊಗಟೆಯಡಿ ಹೊಸ ಕಟ್ಟಿಗೆ ಬೆಳೆಸುವ) ಪದರವೇ ಇಲ್ಲ, ಕಾಂಡದ ಗಾಯ ಜೀವಮಾನವಿಡೀ ಮುಚ್ಚದು. ಪೂರ್ತಿ ಒಣಗಿದ ಗರಿ ಮಾತ್ರ ತೆಗೆಯಿರಿ. ಹಸಿರು, ಹಳದಿ ಗರಿಗಳನ್ನು ಬಿಡಿ. ಹಳದಿಯಾಗುತ್ತಿರುವ ಗರಿಯಿಂದ ಪೊಟ್ಯಾಷಿಯಂ ಹಿಂದಕ್ಕೆ ಸುಳಿಗೆ ಹೋಗುತ್ತಿರುತ್ತದೆ.

ಮೈಲುತುತ್ತ

ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚೋದು ಬಿಟ್ಟೇಬಿಟ್ಟಿರಲ್ಲ. 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 10 ಲೀಟರ್ ನೀರು. ಹಣ್ಣಿನ ತೋಟಗಳಲ್ಲಿ ಇದಿಲ್ಲದೆ ಚಾಟನಿಯೇ (ಕೊಂಬೆ ಸವರುವುದೇ) ಇಲ್ಲ.

ಕೆಚ್ಚುತಿರುಳು

ಬಿಟ್ಟಿದ್ದು ಬೇಕೆಂದೇ. ಡಾಂಬರು, ಎಣ್ಣೆಬಣ್ಣ, ಮಣ್ಣು-ಸಗಣಿ ಇವುಗಳ ಮಾತು ಮೊದಲು. ಇವು ಕೊಳೆಯನ್ನು ತಡೆಯುವುದಿಲ್ಲ. ಲೇಪ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಕೂರುತ್ತದೆ, ಶಿಲೀಂಧ್ರಕ್ಕೆ ನೆರಳು-ತೇವ ಎರಡನ್ನೂ ನಾವೇ ಕೊಟ್ಟ ಹಾಗೆ. ಅಂಚಿನ ಹೊಸ ಅಂಗಾಂಶಕ್ಕೂ ಡಾಂಬರು ತೊಡಕು.

ಮೈಲುತುತ್ತ

ಡಾಂಬರಿಗೂ ತಾಮ್ರಕ್ಕೂ ಎತ್ತಣಿಂದೆತ್ತ ಸರ್. ತಾಮ್ರ ಶಿಲೀಂಧ್ರನಾಶಕ. ಅಂಟು ಸೋರುವ ರೋಗ, ತುದಿ ಒಣಗುವ ರೋಗ ಇರೋ ತೋಟದಲ್ಲಿ, ತೇವದ ಹವೆಯಲ್ಲಿ ನೂರಾರು ಹಸಿ ಗಾಯ ಒಂದೇ ದಿನ ಬಿದ್ದಾಗ ಅದಕ್ಕೆ ಅರ್ಥ ಇದೆ.

ಕೆಚ್ಚುತಿರುಳು

ಅದನ್ನು ಒಪ್ಪುತ್ತೇನೆ. ನಿರ್ದಿಷ್ಟ ರೋಗ, ನಿರ್ದಿಷ್ಟ ಕಾಲ, ಆಗ ಅದು ಔಷಧ. ಓಕ್ ವಿಲ್ಟ್ ಇರುವ ಕಡೆ ಬೇಸಿಗೆಯಲ್ಲಿ ಅನಿವಾರ್ಯವಾಗಿ ಕೊಂಬೆ ಮುರಿದರೆ ತಕ್ಷಣ ಬಣ್ಣ ಬಳಿಯಿರಿ ಅನ್ನುವುದೂ ಹಾಗೆಯೇ, ಅಲ್ಲಿ ಗುರಿ ಜೀರುಂಡೆಯನ್ನು ದೂರ ಇಡುವುದು. ಆದರೆ ಅಂಗಳದ ನೆರಳಿನ ಮರದಲ್ಲಿ, ಒಣಹವೆಯ ದಿನ, ಸರಿಯಾದ ಜಾಗದಲ್ಲಿ ಕೊಯ್ದ ನಾಲ್ಕು ಗಾಯಕ್ಕೆ ಏನೂ ಬೇಡ. ತಪ್ಪು ಜಾಗದಲ್ಲಿ ಕೊಯ್ದದ್ದನ್ನು ಯಾವ ಪೇಸ್ಟೂ ಸರಿ ಮಾಡದು.

ಮೈಲುತುತ್ತ

ಕೊನೆಯ ಮಾತಿಗೆ ನನ್ನದೂ ಸಹಿ. ಕಲಸುವವರಿಗೆ ಒಂದು ಎಚ್ಚರಿಕೆ: ಮೈಲುತುತ್ತವನ್ನು ಕಬ್ಬಿಣದ, ತಗಡಿನ ಪಾತ್ರೆಯಲ್ಲಿ ಕರಗಿಸಬೇಡಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ, ಅದೇ ದಿನ ಬಳಸಿ ಮುಗಿಸಿ.

ಅಂಗಳದಮರ

ತುಂಬಾ ಉಪಕಾರ ಎಲ್ಲರಿಗೂ. ಕವಲು ನೋಡಿದೆ: ಏಣು ಹೊರಕ್ಕೇ ಉಬ್ಬಿದೆ, ಬಿರುಕಿಲ್ಲ. ಈ ಸಲದ ಪಟ್ಟಿ ಹೀಗೆ: ಒಣಕೊಂಬೆಗಳು, ಉಜ್ಜುತ್ತಿರೋ ಎರಡು ಜೋಡಿಯಲ್ಲಿ ಒಂದೊಂದು, ಛಾವಣಿ ಕೊಂಬೆಯ ಕಾಲು ಭಾಗ, ಹಿಂದಿಕ್ಕೋ ಕಾಂಡದ ತುದಿ, ಕೆಳಗಿನ ನಾಲ್ಕು ಕೊಂಬೆ (ಓಡಾಡೋಕೆ), ಒಳಗಿನ ಸಣ್ಣ ರೆಂಬೆಗಳೆಲ್ಲ. ಒಣಗಿದ್ದು ಯಾವುದು ಅಂತ ಎಲೆ ಇಲ್ಲದಾಗ ಹೇಗೆ ಗೊತ್ತಾಗುತ್ತೆ?

ಎರಡುಅಲಗು

ಪಟ್ಟಿ ಉದ್ದ ಆಯ್ತು. ಒಂದು ವರ್ಷಕ್ಕೆ ಜೀವಂತ ರೆಂಬೆಗಳಲ್ಲಿ ಕಾಲು ಭಾಗ ಅನ್ನೋದು ಮೇಲ್ಮಿತಿ, ಗುರಿ ಅಲ್ಲ. ಅದೂ ಎಳೆ ಮರಕ್ಕೆ. ಬಲಿತ ಮರಕ್ಕೆ ನೂರಕ್ಕೆ ಹತ್ತೇ ಸಾಕು. ನಿಮ್ಮದಕ್ಕೆ ಹದಿನೈದರ ಒಳಗೆ ನಿಲ್ಲಿಸಿ. ಒಣಗಿದ್ದು ಈ ಲೆಕ್ಕಕ್ಕೆ ಬರಲ್ಲ.

ಪಟ್ಟಿಯ ಕೊನೆಯ ಎರಡನ್ನು ಬದಲಿಸಿ. ಒಳರೆಂಬೆಗಳನ್ನೆಲ್ಲ ಬಳಿದು ತೆಗೆದರೆ ಎಲೆಯೆಲ್ಲ ತುದಿಯಲ್ಲಿ ಮಾತ್ರ ಉಳಿಯುತ್ತೆ, ಸಿಂಹದ ಬಾಲದ ಹಾಗೆ. ಗಾಳಿ ಬಂದಾಗ ತೂಕವೆಲ್ಲ ತುದಿಗೆ, ಕೊಂಬೆ ನಡುವೆ ಮುರಿಯುತ್ತೆ. ಒಳರೆಂಬೆ ಇದ್ದರೆ ಕೊಂಬೆ ಬುಡ ದಪ್ಪಗಾಗುತ್ತೆ, ತೂಗಾಟವೂ ತಗ್ಗುತ್ತೆ. ಕೆಳಗಿನ ಕೊಂಬೆ ಈ ವರ್ಷ ಒಂದೋ ಎರಡೋ, ಅಡ್ಡ ಬರೋದು ಮಾತ್ರ. ಎಲೆ ಹೊತ್ತ ಭಾಗ ಮರದ ಒಟ್ಟು ಎತ್ತರದಲ್ಲಿ ಮೂರನೇ ಎರಡು ಭಾಗವಾದರೂ ಇರಲಿ.

ಒಣಗಿದ್ದನ್ನು ಕಂಡುಹಿಡಿಯೋದು: ಉಗುರಿನಿಂದ ರೆಂಬೆಯ ತೊಗಟೆ ಚೂರು ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಂದು, ಒಣ ಇದ್ದರೆ ಇಲ್ಲ. ತುದಿಯಲ್ಲಿ ಕೆರೆದು ನಿಲ್ಲಿಸಬೇಡಿ, ಬುಡದ ಕಡೆಗೆ ಮೂರು ನಾಲ್ಕು ಕಡೆ ನೋಡ್ತಾ ಬನ್ನಿ, ಎಷ್ಟೋ ಸಲ ತುದಿ ಮಾತ್ರ ಸತ್ತಿರುತ್ತೆ. ಮೊಗ್ಗು ಸುಕ್ಕಿ ಪುಡಿಯಾಗೋದು, ತೊಗಟೆ ಹಪ್ಪಳದ ಹಾಗೆ ಎದ್ದಿರೋದು ಇನ್ನೆರಡು ಗುರುತು. ಇನ್ನೊಂದು ಗಮನಿಸಿ: ಮರವೆಲ್ಲ ಬೋಳಾಗಿ ಒಂದೇ ಕೊಂಬೆಯಲ್ಲಿ ಕಂದು ಎಲೆ ಅಂಟಿಕೊಂಡೇ ಇದ್ದರೆ ಆ ಕೊಂಬೆ ಎಲೆ ಉದುರಿಸೋ ಮುಂಚೆಯೇ ಸತ್ತಿದೆ. ಎಲೆ ಉದುರಿಸೋಕೂ ಜೀವ ಬೇಕು. ಮರವಿಡೀ ಹಾಗೇ ಒಣಎಲೆ ಹೊತ್ತು ನಿಲ್ಲೋ ಬೀಚ್, ಕೆಲವು ಓಕ್ ಜಾತಿಗಳದ್ದು ಬೇರೆ ಕಥೆ, ಅದು ಅವುಗಳ ಸ್ವಭಾವ.

ನಡುಗರಗಸ

ಸಲಕರಣೆ. 2 ಸೆಂ.ಮೀ.ವರೆಗೆ ಕೈಕತ್ತರಿ, 4ರವರೆಗೆ ಉದ್ದಹಿಡಿಯ ಕತ್ತರಿ, ಅದರ ಮೇಲೆ ಗರಗಸ. ಕತ್ತರಿ ಎರಡು ಅಲಗು ಒಂದರ ಪಕ್ಕ ಒಂದು ಜಾರುವಂಥದ್ದಿರಲಿ. ಒಂದು ಅಲಗು ಮಟ್ಟಸ ತಟ್ಟೆಗೆ ಬಡಿಯುವ ಜಾತಿ ಒಣಕಡ್ಡಿಗೆ ಸರಿ, ಹಸಿ ರೆಂಬೆಯನ್ನು ಅದು ಜಜ್ಜುತ್ತದೆ. ತೆಳು ಅಲಗು ಯಾವಾಗಲೂ ಮರದಲ್ಲಿ ಉಳಿಯುವ ಭಾಗದ ಕಡೆಗೆ ಇರಬೇಕು. ದಪ್ಪ ಕೊಕ್ಕೆಯ ಮಗ್ಗುಲಿನಲ್ಲಿ ಚೂರು ಮೋಟು ಉಳಿಯುತ್ತದೆ. ಮಚ್ಚು ಬೇಡ. ಮಚ್ಚಿನ ಏಟಿಗೆ ಅಂಚಿನ ತೊಗಟೆ ಸೀಳುತ್ತದೆ, ಜಾಗವೂ ಕೈಯಲ್ಲಿರುವುದಿಲ್ಲ.

ರೋಗದ ಕೊಂಬೆ ಕತ್ತರಿಸುವಾಗ ಪ್ರತಿ ಕೊಯ್ತದ ನಡುವೆ 70 ಪ್ರತಿಶತ ಆಲ್ಕೋಹಾಲಿನಿಂದ ಅಲಗು ಒರೆಸಿ. ಬ್ಲೀಚೂ ಆಗುತ್ತದೆ, 1 ಪಾಲಿಗೆ 9 ಪಾಲು ನೀರು, ಆದರೆ ಕಬ್ಬಿಣವನ್ನು ತಿನ್ನುತ್ತದೆ, ಕೆಲಸ ಮುಗಿದ ಮೇಲೆ ತೊಳೆದು ಎಣ್ಣೆ ಸವರಲೇಬೇಕು. ಸೇಬು-ಪಿಯರ್‌ಗಳಲ್ಲಿ ಬೆಂಕಿಯಲ್ಲಿ ಸುಟ್ಟಂತೆ ಕಪ್ಪಾಗುವ ಫೈರ್‌ಬ್ಲೈಟ್ ಇದ್ದರೆ ಕಪ್ಪು ಭಾಗಕ್ಕಿಂತ 20–30 ಸೆಂ.ಮೀ. ಕೆಳಗೆ ಕೊಯ್ಯಿರಿ.

ಇನ್ನು ಏಣಿ. ಏಣಿ ಮೇಲೆ ನಿಂತು ಚೈನ್‌ಸಾ ಹಿಡಿಯಬಾರದು. ಇದಕ್ಕೆ "ಆದರೆ" ಇಲ್ಲ. ಏಣಿಯನ್ನು ಕತ್ತರಿಸುತ್ತಿರುವ ಕೊಂಬೆಗೇ ಆನಿಸಿದರೆ, ತೂಕ ಹೋದ ಕೂಡಲೇ ಉಳಿದ ಕೊಂಬೆ ಮೇಲಕ್ಕೆ ಚಿಮ್ಮುತ್ತದೆ, ಏಣಿ ತಲೆ ಖಾಲಿಗೆ ಬೀಳುತ್ತದೆ. ನೆಲದಲ್ಲಿ ನಿಂತು ಉದ್ದಕೋಲಿನ ಗರಗಸಕ್ಕೆ ಎಟುಕದ್ದು, ಹೆಗಲಿಗಿಂತ ಮೇಲೆ ಕೈ ಎತ್ತಿ ಚೈನ್‌ಸಾದಿಂದ ಕೊಯ್ಯಬೇಕಾದದ್ದು, ವಿದ್ಯುತ್ ತಂತಿಯಿಂದ 3 ಮೀಟರಿನೊಳಗೆ ಇರುವುದು: ಇವು ನಿಮ್ಮ ಕೆಲಸವಲ್ಲ. ತಂತಿಯದ್ದಾದರೆ ವಿದ್ಯುತ್ ಕಂಪನಿಗೇ ಹೇಳಿ. ಕೋಲು ಫೈಬರಿನದ್ದೇ ಆದರೂ ಹಸಿ ರೆಂಬೆ ತಂತಿಗೆ ತಾಗಿದರೆ ಸಾಕು, ಶಾಕ್ ಹೊಡೆಯಬಹುದು. ಎಷ್ಟೋ ಊರುಗಳಲ್ಲಿ ಮರ ಕಡಿಯಲು, ದೊಡ್ಡ ಕೊಂಬೆ ತೆಗೆಯಲೂ ಸ್ಥಳೀಯ ಆಡಳಿತದ ಅನುಮತಿ ಬೇಕು, ಮೊದಲೇ ವಿಚಾರಿಸಿ.

ಬೇರುಬುಡ

ಎಲ್ಲರೂ ಮೇಲೆ ನೋಡುತ್ತಿದ್ದೀರಿ, ಬುಡ ನೋಡಿ. ಬುಡದಲ್ಲಿ ಅಲಮಾರಿಯ ಹಲಗೆಯಂತೆ ಗಟ್ಟಿ ಅಣಬೆ ಬೆಳೆದಿದೆಯೇ? ಒಂದು ಮಗ್ಗುಲಿನ ಮಣ್ಣು ಎದ್ದು ಬಿರುಕು ಬಿಟ್ಟಿದೆಯೇ? ಇವೆರಡರಲ್ಲಿ ಯಾವುದಿದ್ದರೂ ಕೊಂಬೆ ಸವರುವ ಮಾತು ಆಮೇಲೆ.

ಹೊದಿಕೆ: ಕಟ್ಟಿಗೆ ಚೂರು ಅಥವಾ ತರಗೆಲೆ, 5ರಿಂದ 10 ಸೆಂ.ಮೀ. ದಪ್ಪ. ಕಾಂಡದಿಂದ ಒಂದು ಗೇಣು ದೂರ ಬಿಡಿ. ಬುಡಕ್ಕೆ ಗೋಪುರದಂತೆ ಪೇರಿಸಿದರೆ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ, ಇಲಿಗಳಿಗೆ ಬೆಚ್ಚನೆ ಮನೆ. ಎಳೆ ಮರದ ತೊಗಟೆಯನ್ನು ಚಳಿಗಾಲದಲ್ಲಿ ಇಲಿ-ಮೊಲ ಸುತ್ತಲೂ ತಿಂದರೆ ಮರ ಮುಗಿದ ಹಾಗೆ. 6 ಮಿ.ಮೀ. ಕಣ್ಣಿನ ತಂತಿಬಲೆಯನ್ನು ಕೊಳವೆ ಮಾಡಿ ಸುತ್ತ ನಿಲ್ಲಿಸಿ, ಕೆಳಅಂಚು 5 ಸೆಂ.ಮೀ.ಯಷ್ಟು ಮಣ್ಣಿನಲ್ಲಿರಲಿ, ಕಾಂಡಕ್ಕೆ ತಾಗದಿರಲಿ.

ನೀರು: ಎಲೆ ಉದುರಿದ ಮೇಲೆ ಮರ ಕುಡಿಯುವುದು ಕಡಿಮೆ, ಆದರೆ ನಿತ್ಯಹಸಿರು ಮರಗಳ ಎಲೆ ಚಳಿಯ ಒಣಗಾಳಿಗೂ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಮಳೆಯಿಲ್ಲದ ಚಳಿಗಾಲದಲ್ಲಿ ವಾರಗಟ್ಟಲೆ ಮಣ್ಣು ಒಣಗಿದ್ದರೆ, ನೆಲ ಹೆಪ್ಪುಗಟ್ಟದ ದಿನ, ಮಧ್ಯಾಹ್ನ, ನಿಧಾನವಾಗಿ ಕೊಡಿ. ನೆಟ್ಟು ಎರಡು ಮೂರು ವರ್ಷವಾಗದ ಗಿಡಗಳಿಗೆ ಇದು ತಪ್ಪಿಸಬಾರದು.

ಹಿಮ ಬೀಳುವ ಕಡೆ: ಪುಡಿಹಿಮವನ್ನು ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಎತ್ತಿ ಕೊಡವಿ. ಮೇಲಿಂದ ಬಡಿದರೆ ಮೊದಲೇ ಭಾರಕ್ಕೆ ಬಾಗಿದ್ದು ಮುರಿಯುತ್ತದೆ. ಗಡ್ಡೆಕಟ್ಟಿದ ಮಂಜನ್ನು ಮುಟ್ಟಲೇಬೇಡಿ, ತಾನಾಗಿ ಕರಗಲಿ. ದಾರಿಯ ಮಂಜು ಕರಗಿಸಲು ಎರಚುವ ಉಪ್ಪು ಬೇರಿನ ಬಳಿ ಬರದಂತೆ ನೋಡಿಕೊಳ್ಳಿ, ಬಂದಿದ್ದರೆ ನೆಲದ ಹೆಪ್ಪು ಕರಗಿದ ಕೂಡಲೇ ಧಾರಾಳ ನೀರು ಹಾಯಿಸಿ ಆಳಕ್ಕೆ ಇಳಿಸಿ.

ಹೊಸಎಲೆ

ಕೊನೆಯದೊಂದು. ಹಿಂದೆ ಯಾರೋ ಒಂದು ಗೇಣು ಮೋಟು ಬಿಟ್ಟು ಕಡಿದ ಕೊಂಬೆ ಇದೆ ಅನ್ಕೊಳ್ಳಿ. ಮೋಟು ಈಗ ಸತ್ತಿದೆ, ಬುಡದಲ್ಲಿ ಕಾಂಡದ ಹೊಸ ಕಟ್ಟಿಗೆ ಉಂಗುರದ ಹಾಗೆ ಅದರ ಮೇಲೇರಿ ಬಂದಿದೆ. ಈಗ ಕಾಲರಿನ ಮೂಲ ಜಾಗಕ್ಕೇ ಕೊಯ್ಯಬೇಕಾ?

ನಡುಗರಗಸ

ಬೇಡ. ಆ ಉಂಗುರವೇ ಈಗಿನ ಕಾಲರ್. ಸತ್ತ ಮೋಟನ್ನು ಉಂಗುರದ ಹೊರಅಂಚಿಗೆ ಮಾತ್ರ ಕೊಯ್ಯಿರಿ, ಜೀವಂತ ಅಂಗಾಂಶಕ್ಕೆ ಹಲ್ಲು ತಾಗಬಾರದು. ಉಂಗುರ ಮೋಟಿನ ಮೇಲೆ 4 ಸೆಂ.ಮೀ. ಹತ್ತಿದ್ದರೆ 4 ಸೆಂ.ಮೀ. ಬಿಟ್ಟೇ ಕೊಯ್ಯಿರಿ, ನೋಟಕ್ಕೆ ಚೆನ್ನಾಗಿಲ್ಲ ಅಂತ ಒಳಕ್ಕೆ ಹೋಗಬೇಡಿ. ಮೋಟು ಕೊಳೆತು ಒಳಗೆ ಗುಳಿ ಬಿದ್ದಿದ್ದರೆ ಕೈಗೆ ಬರುವ ಸಡಿಲ ಪುಡಿಯನ್ನು ತೆಗೆದರೆ ಸಾಕು. ಗಟ್ಟಿ ಸಿಗುವವರೆಗೆ ಉಳಿಯಿಂದ ಕೆತ್ತುವುದು, ನೀರು ಹೋಗಲೆಂದು ತೂತು ಕೊರೆಯುವುದು, ಸಿಮೆಂಟ್ ತುಂಬುವುದು ಯಾವುದೂ ಬೇಡ, ಮರ ಒಳಗೆ ಕಟ್ಟಿಕೊಂಡಿರುವ ಗೋಡೆಯನ್ನೇ ಒಡೆದ ಹಾಗಾಗುತ್ತದೆ.